ಪುಟ್ಟ ರಾಷ್ಟ್ರಗಳು, ಎರಡನೇ ಪೀರಿಯಡ್

ಕಡೂರು ಕಾಲೇಜು, ಕೊಠಡಿ ಹನ್ನೊಂದು.
ರೈಲು ಹೋಗುವ ತನಕ ಮಾತು ನಿಲ್ಲಿಸಬೇಕು.
ಪ್ಯಾಸೆಂಜರಾದರೆ ಅರ್ಧ ನಿಮಿಷ,
ಗೂಡ್ಸಾದರೆ ಮೂರು.
ಅಷ್ಟರಲ್ಲಿ ಬೋರ್ಡಿನ ಮೇಲೆ ಮೂರು ಗೆರೆ ಎಳೆದೆ.

ಮೊದಲ ಹಂತ, ಎಂದೆ.
ಯಾರೋ ಒಬ್ಬ ಪಾದ್ರಿ, ಔಷಧದಂಗಡಿಯವ, ಶಾಲೆ ಮಾಸ್ತರ
ಕೆಲಸವಿಲ್ಲದ ಸಂಜೆಗಳಲ್ಲಿ
ದನ ಕಾಯುವವರ ಮಾತು ಬರೆದುಕೊಳ್ಳುತ್ತಾನೆ.
ಅವನಿಗೆ ಯಾವ ದೇಶವೂ ಬೇಕಿಲ್ಲ.
ಒಂದು ಹಕ್ಕಿಗೆ ಏಳು ಹೆಸರೇಕೆ
ಎಂಬುದಷ್ಟೇ ಅವನ ನಿದ್ದೆಗೇಡು.

ಎರಡನೆಯದು:
ಅವನು ಬರೆದಿಟ್ಟದ್ದನ್ನು ಇನ್ನೊಬ್ಬ ಜೋರಾಗಿ ಓದುತ್ತಾನೆ,
ಇದು ನಮ್ಮದು, ಎನ್ನುತ್ತಾನೆ.
‘ನಮ್ಮ’ ಎಂಬುದು ಅಲ್ಲಿಯವರೆಗೆ
ಹೊಲಕ್ಕೆ, ಎಮ್ಮೆಗೆ, ಭಾವನಿಗೆ ಹೇಳುವ ಮಾತಾಗಿತ್ತು.

ಮೂರನೆಯದು ಜನ.
ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ.

ಹಿಂದಿನ ಬೆಂಚಿನ ತಿಪ್ಪೇಶ ಕೇಳಿದ,
ಆ ಎರಡನೇ ಹಂತದವನು ಎಲ್ಲಿಂದ ಬರ್ತಾನೆ ಸಾರ್?

ಪುಸ್ತಕದ ಉತ್ತರ ಹೇಳಿದೆ.
ಓದಿದವ. ಓದಿಗೆ ತಕ್ಕ ಕುರ್ಚಿ ಸಿಗದವ.
ಮೇಲಿನ ಮೆಟ್ಟಿಲಲ್ಲಿ ಬೇರೆಯವರು ಕೂತಿರುತ್ತಾರೆ,
ಕೆಳಗಿನ ಮೆಟ್ಟಿಲಿಗೆ ಮರಳುವುದು ಅವನಿಗೆ ಮರೆತುಹೋಗಿದೆ.
ಹೇಳುತ್ತ ಹೇಳುತ್ತ ಸೀಮೆಸುಣ್ಣ ಮುರಿಯಿತು.
ನಾನು ಅತಿಥಿ ಉಪನ್ಯಾಸಕ,
ಹನ್ನೆರಡು ವರ್ಷದ ಅತಿಥಿ.
ಐದು ತಿಂಗಳಿಂದ ಸಂಬಳವಿಲ್ಲ,
ಅಟೆಂಡರ್ ನನ್ನ ಚಹಾದ ಲೆಕ್ಕ
ಗೋಡೆಯ ಮೇಲೆ ಗೀಟು ಹಾಕಿ ಇಟ್ಟಿದ್ದಾನೆ.

ಎಮ್ಮೆದೊಡ್ಡಿಯ ಆಚೆ ನಮ್ಮ ತಾಂಡಾ.
ಅಲ್ಲಿ ನನ್ನ ಸೋದರತ್ತೆ ರುಕ್ಲಿಬಾಯಿ
ಡೇರಿ ಪುಸ್ತಕದ ಹಿಂಬದಿ ಹಾಳೆಗಳಲ್ಲಿ
ಮೊಮ್ಮಗಳ ಕೈಲಿ ಪದ ಬರೆಸುತ್ತಾಳೆ.
ಈ ಬದಿ ಲೀಟರು, ಡಿಗ್ರಿ, ಫ್ಯಾಟು.
ಆ ಬದಿ ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ,
ಎತ್ತಿನ ಬೆನ್ನಿಗೆ ಉಪ್ಪು ಹೇರುವಾಗ ಹಾಕುವ ಗಂಟಿಗೆ ಒಂದು ಹೆಸರು,
ಇಳಿಸುವಾಗ ಅದೇ ಗಂಟಿಗೆ ಇನ್ನೊಂದು.
ಎತ್ತಿಲ್ಲ, ಉಪ್ಪಿಲ್ಲ,
ಗಂಟು ಇದೆ.

ಯಾಕೆ ಬರೆಸ್ತೀ ಅಂದರೆ
ಇನ್ನೆರಡು ಹಲ್ಲು ಬಿದ್ದರೆ ಸರಿಯಾಗಿ ಹೇಳೋಕಾಗಲ್ಲ, ಅಂತಾಳೆ.
ಪುಸ್ತಕದಲ್ಲಿ ಈ ಕಾರಣ ಇಲ್ಲ.

ನಾಂದೇಡಿನ ಕಡೆ ಕೊಟ್ಟ ಅವಳ ತಂಗಿಯೂ
ಅದೇ ಪದಗಳನ್ನು ಬರೆಸುತ್ತಾಳಂತೆ, ನಾಗರಿಯಲ್ಲಿ.
ಇವಳ ಹಾಳೆ ಅಲ್ಲಿ ಯಾರಿಗೂ ಓದಲು ಬಾರದು,
ಅವಳದು ಇಲ್ಲಿ.
ಫೋನಿನಲ್ಲಿ ಮಾತ್ರ ಇಬ್ಬರೂ
ಒಂದೇ ಬೈಗುಳದಲ್ಲಿ ನನ್ನನ್ನು ಬಯ್ಯುತ್ತಾರೆ.

ಬಯ್ಯಲಿ.
ಹಿಂದೆ ಜನಗಣತಿಗೆ ತಾಂಡಾಕ್ಕೆ ಪೆನ್ನು ಹಿಡಿದು ಹೋದವನು ನಾನೇ,
ಆಗಿನ್ನೂ ಪ್ರೈಮರಿ ಶಾಲೆಯ ತಾತ್ಕಾಲಿಕ ಮೇಷ್ಟ್ರು.
ಮಾತೃಭಾಷೆ ಎಂಬ ಕಲಮಿನಲ್ಲಿ
ಮನೆ ಮನೆಗೂ ಕನ್ನಡ ಎಂದು ಬರೆದೆ.
ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ.
ಯಾರನ್ನೂ ನಾನು ಕೇಳಿರಲಿಲ್ಲ.
ಸುಳ್ಳು ಎನ್ನಲೂ ಆಗದು, ಕನಸು ಬೀಳುವುದು ಕನ್ನಡದಲ್ಲೇ,
ಜ್ವರ ಬಂದರೆ ಬಡಬಡಿಸುವುದೂ ಅದರಲ್ಲೇ, ಹೆಂಡತಿ ಹೇಳುತ್ತಾಳೆ.
ಕಾಲಿಗೆ ಜಾಲಿಮುಳ್ಳು ಹೊಕ್ಕಾಗ
ಬಾಯಿಗೆ ಬರುವುದು ಬೇರೆ.

ನಾವು ಯಾವ ಹಂತ ಸಾರ್?
ಮತ್ತೆ ತಿಪ್ಪೇಶ.
ನಾವು ಅಂದರೆ ಯಾರಪ್ಪಾ, ಎನ್ನಬೇಕೆಂದಿದ್ದೆ,
ಗೂಡ್ಸ್ ಬಂತು.
ಕಿಟಕಿಯ ಗಾಜು ನಡುಗಿತು, ಸುಣ್ಣದ ಪುಡಿ ಉದುರಿತು,
ಹುಡುಗರು ಅಭ್ಯಾಸದಂತೆ ಡಬ್ಬಿ ಎಣಿಸತೊಡಗಿದರು.

ಮುಂದಿನ ಸಾಲಿನ ಹುಡುಗಿ,
ರಿಜಿಸ್ಟರಿನಲ್ಲಿ ಹೇಮಾವತಿ, ಮನೆಯಲ್ಲಿ ಹೇಮ್ಲಿ,
ಮೂರು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಡದವಳು,
ಆ ಸದ್ದಿನ ಮರೆಯಲ್ಲಿ
ನಮ್ಮ ಮಾತಿನಲ್ಲಿ ಏನೋ ಕೇಳಿದಳು.
ಬೋರ್ಡು ಒರೆಸಲೇ ಎಂದೋ,
ಒರೆಸಬೇಡಿ ಎಂದೋ.

ಅದೇ ಮಾತಿನಲ್ಲಿ ಉತ್ತರ ಕೊಟ್ಟೆ.
ಕೇಳಿಸಿತೋ ಇಲ್ಲವೋ.
ಇಪ್ಪತ್ತೇಳು, ಇಪ್ಪತ್ತೆಂಟು,
ಎಣಿಸುತ್ತಲೇ ಇದ್ದ ತಿಪ್ಪೇಶ.